ಹಾಳೆಯ ಇನ್ನೊಂದು ಮಗ್ಗುಲು

ಪ್ರೂಫ್ ನೋಡುತ್ತಿದ್ದವಳು ಹಾಳೆ ಮಗುಚಿದರೆ ಅಲ್ಲಿ ಅವಳದೇ ಕೈಬರಹ.

ಅವಳು ಕೆಲಸಕ್ಕಿದ್ದ ಪ್ರೆಸ್ಸಿನಲ್ಲಿ ಪ್ರೂಫಿಗೆ ಹೊಸ ಕಾಗದ ಕೊಟ್ಟಿದ್ದನ್ನು ಯಾರೂ ಕಂಡವರಿಲ್ಲ. ಪ್ರಕಾಶಕರೂ ಆಗಿದ್ದ ಯಜಮಾನರ ಕೈ ಅಷ್ಟು ಬಿಗಿ. ಬೇಡವೆಂದು ಮೂಲೆಗೆ ಹಾಕಿದ ಹಸ್ತಪ್ರತಿಗಳ ಖಾಲಿ ಮಗ್ಗುಲಲ್ಲೇ ಪ್ರೂಫ್ ತೆಗೆಯುವುದು ಅಲ್ಲಿನ ರೂಢಿ. ಎಷ್ಟೋ ಜನರ ಕಥೆ ಕಾದಂಬರಿಗಳ ಬೆನ್ನ ಮೇಲೆ ಅವಳೂ ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿದ್ದಳು. ಪಾಪ, ಯಾರದೋ ಏನೋ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಇವತ್ತು ಮುಂದೆ ಕೋಳಿ ಸಾಕಣೆಯ ಕೈಪಿಡಿ, ಹಿಂದೆ ಅವಳ ಗಂಡನ ಕಾದಂಬರಿ.

ಗಂಡ ಇದೇ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವನು. ಕಣ್ಣು ಹೋದ ಮೇಲೆ ಮನೆ ಹಿಡಿದ. ಕಂಡವರ ಪುಸ್ತಕಗಳನ್ನೆಲ್ಲ ಜೋಡಿಸಿದವನಿಗೆ ತನ್ನದೂ ಒಂದು ಬರಲಿ ಎಂಬ ಹುಚ್ಚು. ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. "ನನ್ನ ಹೆಸರು ಎತ್ತಬೇಡ ಕಣೇ. ಕುರುಡ ಅಂತ ಕನಿಕರಪಟ್ಟು ಅಚ್ಚು ಹಾಕೋದು ಬೇಡ" ಎಂದಿದ್ದಕ್ಕೆ ಬೇರೆ ಹೆಸರಿನಲ್ಲಿ ಈ ಪ್ರೆಸ್ಸಿಗೇ ಅಂಚೆಯಲ್ಲಿ ಕಳಿಸಿದ್ದಳು. ಯಜಮಾನರಿಗೆ ಅಕ್ಷರದ ಗುರುತು ಸಿಕ್ಕರೆ ಸಿಗಲಿ ಎಂಬ ಆಸೆ ಅವಳಿಗೆ ಒಳಗೊಳಗೇ ಇತ್ತು.

ಹಾಳೆ ಹಿಡಿದು ಯಜಮಾನರ ಮೇಜಿನ ಮುಂದೆ ನಿಂತಳು. "ಸಾರ್, ಈ ಕಾದಂಬರಿ ಹೇಗಿತ್ತು?"

ಅವರು ತಲೆ ಎತ್ತಲಿಲ್ಲ. "ಯಾವುದಮ್ಮಾ? ಹೊಸಬರದ್ದಾ? ಹೊಸಬರದ್ದನ್ನ ಯಾರು ಓದ್ತಾರೆ! ಮೊದಲು ಆ ಕೋಳಿ ಪುಸ್ತಕ ಮುಗಿಸಿ."

ದಿನಾ ಅವಳ ಅಕ್ಷರ ನೋಡುವ ಮನುಷ್ಯ. ಕಟ್ಟು ಬಿಚ್ಚಿ ಒಂದು ಸಾಲು ಓದಿದ್ದರೂ ಗುರುತು ಹಿಡಿಯುತ್ತಿದ್ದರು. ಆದರೆ ಜಗಳಕ್ಕೆ ನಿಲ್ಲುವಂತಿರಲಿಲ್ಲ. ಮನೆ ನಡೆಯುತ್ತಿದ್ದುದು ಈ ಕೆಲಸದಿಂದಲೇ. ಮನೆಯಲ್ಲಿ ತಿದ್ದುತ್ತೇನೆಂದು ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಟಳು. ಇವತ್ತು ಹೇಳಿಬಿಡಬೇಕು, ಬಾಗಿಲ ಸದ್ದಾದಾಗೆಲ್ಲ ಅಂಚೆಯವನೇನೋ ಎಂದು ಗಂಡ ಕಿವಿ ನಿಮಿರಿಸಿ ಕೂರುವುದು ಸಾಕು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಳು.

"ರೀ, ನಿಮ್ಮ ಕಾದಂಬರಿ..." ಎಂದು ಹಾಳೆಗಳನ್ನು ಅವನ ಕೈಗಿಟ್ಟಳು.

ಅವಳು ಮಾತು ಮುಗಿಸುವ ಮೊದಲೇ ಅವನು ಹಾಳೆಯನ್ನು ಮೂಗಿಗೆ ಹಿಡಿದ. ಆಮೇಲೆ ಮೆಲ್ಲಗೆ ಬೆರಳಾಡಿಸಿದ. ಮೊಳೆ ಒತ್ತಿದ ಗುರುತು ಆ ಬೆರಳುಗಳಿಗೆ ತಿಳಿಯದೇ ಇದ್ದೀತೇ? ಏನು ಅಚ್ಚಾಗಿದೆ ಎಂಬುದಷ್ಟೇ ತಿಳಿಯುವಂತಿರಲಿಲ್ಲ.

"ಪ್ರೂಫು!" ಎಂದ. "ಅಚ್ಚಿಗೆ ತಗೊಂಡೇಬಿಟ್ರಾ? ಇಷ್ಟು ದಿನ ಬಾಯಿ ಬಿಡಲಿಲ್ವಲ್ಲೇ ಕಳ್ಳಿ!"

ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಅವಳಿಗೆ ಅಳು ಬಂತು, ಸದ್ದು ಮಾಡದೆ ಅತ್ತಳು.

"ಓದು, ಓದು. ತಪ್ಪು ನೋಡೋಣ."

ಅವಳು ಹಾಳೆ ಮಗುಚಿ ತನ್ನ ಕೈಬರಹವನ್ನು ಓದತೊಡಗಿದಳು. ನಡುನಡುವೆ, ಅವಳು ನಿಲ್ಲಿಸದೆ ಓದಿದ ಕಡೆ, ಅವನು ತಡೆದು, "ಅಲ್ಲೊಂದು ಅಲ್ಪವಿರಾಮ ಬಿಟ್ಟಿದಾರೆ ನೋಡು, ಈಗಿನ ಹುಡುಗರಿಗೆ ಕೆಲಸವೇ ಬರಲ್ಲ" ಎಂದು ಬೈದ. ಬಿಟ್ಟವಳು ಅವಳೇ. ಹಾಕಿದಳು. ಹಾಳೆಗಳು ಮುಗಿದವು.

"ಮುಂದಿನ ಅಧ್ಯಾಯ?"

"ನಾಳೆ ತರ್ತೀನಿ."

ಮರುದಿನ ಯಂತ್ರದ ಕೋಣೆಯಲ್ಲಿ, ಹಳೆಯ ಹಸ್ತಪ್ರತಿಗಳ ರಾಶಿಯ ಮೇಲೆ, ಕಾದಂಬರಿಯ ಉಳಿದ ಕಟ್ಟು ಹಾಗೇ ಬಿದ್ದಿತ್ತು. ಅದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ. ಚೀಲಕ್ಕೆ ಹಾಕಿಕೊಂಡಿದ್ದರೆ ಕೇಳುವವರೂ ಇರಲಿಲ್ಲ. ಅದನ್ನು ಎದೆಗವಚಿಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಪ್ರೂಫ್ ತೆಗೆಯುವವನ ಮುಂದೆ ಇಟ್ಟಳು.

"ಅಣ್ಣಾ, ಕೋಳಿ ಪುಸ್ತಕದ ಮುಂದಿನ ಪ್ರೂಫ್ ಇದರ ಮೇಲೇ ತೆಗೀರಿ. ಹಾಳೆಗಳ ಕ್ರಮ ತಪ್ಪದ ಹಾಗೆ."

"ಹಿಂದೆ ಯಾವುದಿದ್ರೆ ಏನಮ್ಮಾ, ಎಲ್ಲ ರದ್ದಿ ತಾನೇ?"

"ಸ್ವಲ್ಪ ಗಟ್ಟಿಯಾಗಿ ಒತ್ತಿ" ಎಂದಳು. "ಬೆರಳಿಗೆ ತಿಳಿಯಬೇಕು."

ಬರೆದ ಮಗ್ಗುಲು ಮೇಲೆ ಬರುವಂತೆ ಹಾಳೆಯನ್ನು ಮಸಿ ಬಳಿದ ಮೊಳೆಗಳ ಮೇಲೆ ಹಾಸಿ ಅವನು ಉರುಳೆ ಎಳೆದ. ಅವಳ ಅಕ್ಷರಗಳ ಮೇಲೆ ಅದು ಒಮ್ಮೆ ಹೋಗಿ, ಒಮ್ಮೆ ಬಂತು.