ರುಚಿ ನೋಡುವುದೂ ತಿನ್ನುವುದೇ

ಬೇಕರಿ ಯಜಮಾನನನ್ನು ಬೀದಿಯವರೆಲ್ಲ ಕರೆಯುವುದು ಕಡ್ಡಿ ಪೈಲ್ವಾನ ಎಂದೇ. ಗಾಳಿ ಬೀಸಿದರೆ ಹಾರಿಹೋಗುವಂಥ ಆಳು. ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, ಆರುನೂರು ದಾಟಿದೆ ಎಂದು ಬಂದಾಗ ಅವನು ನಕ್ಕುಬಿಟ್ಟ.

"ಯಾರದೋ ರಿಪೋರ್ಟ್ ನನಗೆ ಕೊಟ್ಟಿದಾರೆ. ನನ್ನ ಮೈ ಹಿಂಡಿದ್ರೂ ಒಂದು ತೊಟ್ಟು ಕೊಬ್ಬು ಸಿಗಲ್ಲ."

ಹೆಂಡತಿ ನಗಲಿಲ್ಲ. ನೂರೈವತ್ತರೊಳಗೆ ಇರಬೇಕಾದದ್ದು ಇಷ್ಟು ಏರಿದರೆ ಹೃದಯಕ್ಕೆ ಅಪಾಯ, ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಊದಿಕೊಂಡರಂತೂ ಜೀವಕ್ಕೇ ಕುತ್ತು ಎಂದು ಡಾಕ್ಟರ್ ಹೇಳಿದ್ದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಮರುದಿನದಿಂದಲೇ ಮನೆಯಲ್ಲಿ ಕರಿದ ತಿಂಡಿ ಬಂದ್. ಗೊಣಗುತ್ತಲೇ ಅವನೂ ಒಪ್ಪಿದ, ಮಾತ್ರೆಯನ್ನೂ ನುಂಗಿದ. ಆದರೂ ಮುಂದಿನ ಪರೀಕ್ಷೆಯಲ್ಲಿ ಅಂಕಿ ಜಗ್ಗಲಿಲ್ಲ. ಅಂದು ಅವಳು ಒಲೆಯ ಮುಂದೆ ನಿಂತು ಅತ್ತಳು.

ಅವಳ ತಂಗಿ ಆರೋಗ್ಯ ಕೇಂದ್ರದಲ್ಲಿ ನರ್ಸ್. ರಜೆಯ ದಿನ ನೇರವಾಗಿ ಬೇಕರಿಗೇ ಬಂದು ಕುಳಿತಳು.

"ಭಾವ, ದಿನಕ್ಕೆ ಏನೇನು ತಿಂತೀರಿ?"

"ನಿಮ್ಮಕ್ಕ ಹಾಕೋ ಸಪ್ಪೆ ಊಟ. ಅದು ಬಿಟ್ರೆ ಏನೂ ಇಲ್ಲ, ಆಣೆಗೂ."

ಹೇಳುತ್ತಲೇ ಓವನ್‌ನಿಂದ ಆಗಷ್ಟೇ ತೆಗೆದ ಟ್ರೇಯಿಂದ ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡ.

"ಮತ್ತೆ ಇದು?"

"ಇದು ರುಚಿ ನೋಡೋದಮ್ಮ, ತಿನ್ನೋದಲ್ಲ. ನಾನು ನೋಡದೆ ಇಲ್ಲಿಂದ ಒಂದು ಟ್ರೇನೂ ಹೊರಗೆ ಹೋಗಲ್ಲ."

ನರ್ಸ್ ವಾದಕ್ಕೆ ಇಳಿಯಲಿಲ್ಲ. ಒಂದು ಖಾಲಿ ಡಬ್ಬ ಇಸಿದುಕೊಂಡು, ಅವನು ಬಾಯಿಗೆ ಹಾಕಿಕೊಂಡಾಗಲೆಲ್ಲ ಅಷ್ಟನ್ನೇ ಡಬ್ಬಕ್ಕೂ ಹಾಕಿದಳು. ಬಿಸ್ಕತ್ತು, ಕೇಕಿನ ಅಂಚು, ಬೆರಳಿನಲ್ಲಿ ತೆಗೆದ ಕ್ರೀಮು, ಚಮಚದಲ್ಲಿ ಸಕ್ಕರೆ ಪಾಕ. ಅಂಗಡಿ ಮುಚ್ಚುವ ಹೊತ್ತಿಗೆ ಡಬ್ಬದ ಮುಚ್ಚಳ ಕೂರಲಿಲ್ಲ. ನಮ್ಮ ಪೈಲ್ವಾನ ಮುಚ್ಚಳವನ್ನು ಎರಡು ಸಲ ಒತ್ತಿ ನೋಡಿದ.

"ಎಣ್ಣೆ ಬಿಟ್ಟಿದ್ನಲ್ಲಮ್ಮ," ಎಂದ ಕೊನೆಗೆ.

"ಎಣ್ಣೆ ಒಂದೇ ಅಲ್ಲ ಭಾವ. ಸಕ್ಕರೆ, ಮೈದಾ ಹೆಚ್ಚಾದ್ರೆ ದೇಹ ಅದನ್ನೂ ಈ ಕೊಬ್ಬಾಗಿ ಮಾಡ್ಕೊಳ್ಳುತ್ತೆ. ಹೆಂಡ ಕುಡಿಯೋರಿಗೆ ಇನ್ನೂ ಕಷ್ಟ. ಸಣ್ಣಗಿರೋರು, ದಪ್ಪಗಿರೋರು ಅಂತ ಅದು ಮುಖ ನೋಡಲ್ಲ."

"ಹಾಗಾದ್ರೆ ಅಂಗಡಿ ಮುಚ್ಚಲಾ?"

"ಅಂಗಡಿ ತೆಗೆದೇ ಇರಲಿ, ನಿಮ್ಮ ಬಾಯಿ ಮುಚ್ಚಿದ್ರೆ ಸಾಕು," ಎಂದಳು ಅಷ್ಟರಲ್ಲಿ ತಂಗಿಯನ್ನು ಕರೆಯಲು ಬಂದಿದ್ದ ಹೆಂಡತಿ.

ಅಂದಿನಿಂದ ರುಚಿ ನೋಡುವ ಕೆಲಸ ಕೆಲಸಗಾರರಿಗೆ ಸರದಿಯ ಮೇಲೆ ಹೋಯಿತು, ಅದೂ ಚೂರೇ ಚೂರು. ಊಟದಲ್ಲಿ ತರಕಾರಿ, ಕಾಳು ಹೆಚ್ಚಿದವು. ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ಸಂಜೆ ಗಂಡ ಹೆಂಡತಿ ಬಿರುಸಾಗಿ ನಡೆಯಲು ಹೊರಟರು. ಮೊದಮೊದಲು ಅವನದು ಹರಳೆಣ್ಣೆ ಕುಡಿದ ಮುಖ. ಆಮೇಲಾಮೇಲೆ ಅವನೇ ಚಪ್ಪಲಿ ಮೆಟ್ಟಿ ಹೆಂಡತಿಯನ್ನು ಕಾಯತೊಡಗಿದ.

ಕೆಲವು ತಿಂಗಳ ನಂತರ ಡಾಕ್ಟರ್ ಹೊಸ ರಿಪೋರ್ಟ್ ನೋಡಿದರು. "ಇನ್ನೂರರ ಕೆಳಗೆ ಬಂದಿದೆ. ದೊಡ್ಡ ಅಪಾಯ ದಾಟಿದ್ರಿ. ಇನ್ನೂ ಸ್ವಲ್ಪ ಇಳೀಬೇಕು, ಮಾತ್ರೆ ಮಾತ್ರ ನೀವಾಗೇ ನಿಲ್ಲಿಸ್ಬೇಡಿ."

ಹೆಂಡತಿ ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು. ಅಳುವೂ ನಗುವೂ ಒಟ್ಟಿಗೇ ಬಂದವು.

"ಕಮ್ಮಿ ಆಯ್ತಲ್ಲ, ಈಗ್ಯಾಕೆ ಅಳು?"

"ಇನ್ನೂ ಬಹಳ ವರ್ಷ ಬೈಯೋಕೆ ನೀವು ಸಿಕ್ತೀರಲ್ಲ, ಅದಕ್ಕೆ."

ಓದುತ್ತಿರುವ ಅಕ್ಕ, ಅಣ್ಣಂದಿರೇ, ಈ ಕೊಬ್ಬು ಏರುವಾಗ ನೋವಾಗುವುದಿಲ್ಲ, ಹೇಳಿ ಕೇಳಿ ಬರುವುದೂ ಇಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಮಾತ್ರ ತಿಳಿಯುತ್ತದೆ. ಹೆಚ್ಚಿದ್ದರೆ ಹೆದರಬೇಡಿ, ಡಾಕ್ಟರ ಮಾತು ಕೇಳಿ. ಅಡುಗೆಯ ರುಚಿ ನೋಡುವಾಗ, ಮಕ್ಕಳು ಬಿಟ್ಟದ್ದನ್ನು ಮುಗಿಸುವಾಗ ಬಾಯಿಗೆ ಹೋದದ್ದನ್ನೂ ಊಟವೆಂದೇ ತಿಳಿಯಿರಿ. ನಿಮ್ಮನ್ನು ಪ್ರೀತಿಯಿಂದ ಬೈಯುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರಲ್ಲ, ಅವರಿಗೋಸ್ಕರ ಈ ವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ.