ಹಳದಿ ಮಹಾಲಕ್ಷ್ಮಿಯ ಎಡಗೈ

ನಾಸಿಕದಿಂದ ಸಂಭಾಜಿನಗರದವರೆಗೆ ಟೆಂಪೋದಲ್ಲಿ ಚಿತ್ರದ ಜೊತೆಯೇ ಕುಳಿತು ಬಂದು ನನ್ನ ಸೊಂಟ ಹಿಡಿದಿತ್ತು. ಒಂದು ಲೋಟ ನೀರನ್ನೂ ಕೊಡದೆ ಕಂಪನಿಯ ಕಡೆಯ ಕನ್ನಡಿಗ ಯಶವಂತರು ಚಿತ್ರಕ್ಕೆ ಹೊದಿಸಿದ್ದ ಬಟ್ಟೆ ಸರಿಸಿ ನೋಡಿ, "ಸರೋಜಿನಿ ಮ್ಯಾಡಮ್, ಇದು ತಪ್ಪಾಗ್ಯಾದ್ರಿ" ಎಂದರು.

ಊರ ಹೊರಗಿನ ಬಿಡಕಿನ್‌ನಲ್ಲಿ ಕಾರ್ಖಾನೆ ತೆರೆಯುತ್ತಿರುವ ಖುಷಿಗೆ, ಈ ಊರಿನ ಹೆಸರಾಂತ ಹಾಕಿ ಆಟಗಾರ್ತಿ ಮಹಾಲಕ್ಷ್ಮಿಯ ಚಿತ್ರ ತಮ್ಮ ಕಚೇರಿಗೆ ಬೇಕೆಂದು ಕೇಳಿದವರು ಇವರೇ. ನನ್ನದು ಪಾಪ್ ಆರ್ಟ್. ಸ್ಟಿಕ್ ಹಿಡಿದ ಅವಳ ಒಂದೇ ಫೋಟೋ, ನಾಲ್ಕು ಸಲ, ಮಿಠಾಯಿ ಬಣ್ಣಗಳಲ್ಲಿ. ನಾಲ್ವರೂ ಒಂದೇ ಕಡೆ ನೋಡಿದರೆ ರೇಷನ್ ಅಂಗಡಿಯ ಸಾಲಿನಂತೆ ಕಾಣುತ್ತದೆ ಎಂದು ಇಬ್ಬರನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದೆ.

"ಹಾಕ್ಯಾಗ ಎಡಗೈ ಸ್ಟಿಕ್ಕೇ ಇರಂಗಿಲ್ಲರಿ. ಈ ಎರಡರಾಗ ಆಕಿ ಎಡಚಿ ಆಗ್ಯಾಳ. ನಾಳೆ ಉದ್ಘಾಟನಾ ಅದ, ಮಂದಿ ನಗ್ತಾರ. ಇವೆರಡರ ಮ್ಯಾಲ ಬಣ್ಣ ಬಳದುಬಿಡ್ರಿ."

ನನಗೆ ಮೈಯೆಲ್ಲ ಉರಿಯಿತು. ಹಾಕಿಯ ವಿಷಯ ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಬಳಿದುಬಿಡಲು ಅದೇನು ಕಾಂಪೌಂಡ್ ಗೋಡೆಯೇ? ತಿರುಗಿಸಿದ ಎರಡರಲ್ಲಿ ಹಳದಿ ಬಣ್ಣದ ಮುಖವೇ ಇಡೀ ಚಿತ್ರದಲ್ಲಿ ನನಗೆ ಒಲಿದು ಬಂದದ್ದು. ಬಳಿಯುವುದಾದರೆ ವಾಪಸ್ ಒಯ್ಯುತ್ತೇನೆ ಎಂದೆ. ಕಡೆಗೆ ಮಹಾಲಕ್ಷ್ಮಿಯೇ ನೋಡಿ ಹೇಳಲಿ ಎಂದಾಯಿತು.

ಮಧ್ಯಾಹ್ನ ಅವಳು ತಾಯಿ ಕಸ್ತೂರಿಬಾಯಿಯನ್ನು ಕರೆದುಕೊಂಡು ಬಂದಳು. ಮೂಲತಃ ಭಾಲ್ಕಿಯ ಕಡೆಯವರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬುತ್ತಿ. ಮಗಳು ಆ ಹಳದಿ ಮುಖದ ಮುಂದೆ ನಿಂತವಳು ಅಲ್ಲಾಡಲಿಲ್ಲ. ತಾಯಿಯ ಮುಖ ಕಪ್ಪಿಟ್ಟಿತು.

"ಇಕಿ ಎಡಚಿ ಅಂತ ನಿಮಗ ಯಾರ್ ಹೇಳಿದ್ರು?" ಎಂದು ನನ್ನನ್ನು ಕೇಳಿದರು.

ಯಾರೂ ಹೇಳಿಲ್ಲ ಎಂದೆ. ಅವರು ನಂಬಲಿಲ್ಲ.

"ಸಣ್ಣಾಕಿದ್ದಾಗ ಎಡಗೈಲೇ ಉಣ್ಣಾಕಿ. ಪಂಕ್ತ್ಯಾಗ ಮಂದಿ ಏನಂತಾರ ಅಂತ ಸೀರಿ ಅಂಚು ಹರದು ಆ ಕೈ ಕಟ್ಟತಿದ್ದೆ. 'ಅವ್ವಾ, ಲಿಂಗ ಎಡಗೈಮ್ಯಾಲೇ ಇಟಗೊಂಡು ಪೂಜಾ ಮಾಡ್ತಿ, ತುತ್ತಿಗಿ ಯಾಕ ಬ್ಯಾಡ?' ಅಂದ್ಲು. ಕಪಾಳಕ್ಕ ಹೊಡದೆ."

"ಇರ್ಲಿ ಬಿಡವ್ವಾ," ಎಂದಳು ಮಹಾಲಕ್ಷ್ಮಿ. "ಹಾಕ್ಯಾಗ ಸ್ಟಿಕ್ ತಿರುಗಿಸೋದು ಎಡಗೈನೇ. ಬಲಗೈ ಬರೇ ಆಸರಾ. ಅದಕ್ಕೇ ನಾ ಮೈದಾನಕ್ಕ ಓಡ್ತಿದ್ದೆ. ಅಲ್ಲಿ ಯಾರೂ ಕೈ ಕಟ್ಟತಿರಲಿಲ್ಲ."

ಇಷ್ಟು ವರ್ಷ ಟಿವಿಯಲ್ಲಿ ಮಗಳ ಆಟ ನೋಡಿದ ಕಸ್ತೂರಿಬಾಯಿಗೆ ಇದು ತಿಳಿದಿರಲಿಲ್ಲ. ಯಶವಂತರು ಮೆಲ್ಲಗೆ ಮತ್ತೆ ಬಣ್ಣದ ಮಾತು ಎತ್ತಿದರು.

"ಬಳೀಬ್ಯಾಡ್ರಿ," ಎಂದರು ಕಸ್ತೂರಿಬಾಯಿ. "ನಾ ಕಟ್ಟಿದ್ದೇ ಸಾಕು."

ಚಿತ್ರ ಗೋಡೆಗೇರಿತು. ಗೆದ್ದವಳು ನಾನೇ.

ಅದರ ಕೆಳಗೇ ಕುಳಿತು ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಪುಂಡಿಪಲ್ಯ. ಕಸ್ತೂರಿಬಾಯಿ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತನ್ನು ಮಗಳ ಎಡ ಅಂಗೈಯಲ್ಲಿಟ್ಟರು.

"ಉಣ್ಣವ್ವ. ಈ ಕೈಲೇ ಉಣ್ಣು."

ಮಹಾಲಕ್ಷ್ಮಿ ನಕ್ಕು ಕೈ ಎತ್ತಿದಳು. ಬಾಯಿಯ ಹತ್ತಿರ ಬಂದ ಕೈ ಒಮ್ಮೆ ನಿಂತಿತು. ತುಂಬಿದ ಮೈದಾನದಲ್ಲಿ ಯಾರಿಗೂ ಅಂಜದವಳು, ತಾಯಿ ಕುಳಿತ ಕಡೆಯಿಂದ ಕೆನ್ನೆಯನ್ನು ತುಸು ಆಚೆ ತಿರುಗಿಸಿಕೊಂಡು ತುತ್ತು ಬಾಯಿಗಿಟ್ಟಳು.

ಅದು ಅವಳಿಗೆ ಗೊತ್ತೇ ಆಗಲಿಲ್ಲ. ಕಸ್ತೂರಿಬಾಯಿ ನೋಡಿದರು.