ಷೇರು ಬೆಲೆಯನ್ನು ಸಾಲದಿಂದ ಭಾಗಿಸಿದರೆ

ಏಲಕ್ಕಿ ಬನ್ನಿನ ವಾಸನೆ, ಕಾಫಿ, ಒದ್ದೆ ಉಣ್ಣೆ ಕೋಟುಗಳು, ಹಾರ್ಯುಲಾ ಒಲೆ ಕಂಪನಿಯ ವಾರ್ಷಿಕ ಸಭೆ ಅಂದರೆ ಊರಿಗೆ ಊರೇ ಬನ್ನು ತಿನ್ನಲು ಬರುತ್ತದೆ, ಪಕ್ಕದಲ್ಲಿ ಒಯ್ವಾ ಮಾವ ಎರಡನೆಯದನ್ನು ಮುರಿಯುತ್ತಿದ್ದಾನೆ, ತಗೊಳ್ಳೇ ಇರ್ಮೆಲಿ, ಈ ವರ್ಷ ನಮಗೆ ಲಾಭಾಂಶ ಅಂದ್ರೆ ಇದೇ — ನಗುತ್ತಾನೆ, ಕುಲುಮೆಯ ಮುಂದೆ ಆಯುಷ್ಯ ಸವೆಸಿದವನು, ಇರ್ಮೆಲಿ ತನ್ನ ಪಾಲನ್ನು ತಟ್ಟೆಯಂಚಿಗೆ ಸರಿಸುತ್ತಾಳೆ, ಹೆಲ್ಸಿಂಕಿಯ ಬ್ಯಾಂಕಿನಲ್ಲಿ ಅವಳ ಕೆಲಸವೇ ಷೇರುಪೇಟೆಯ ಯಾವ ಕಂಪನಿ ಮುಳುಗುತ್ತದೆ ಎಂದು ಮೊದಲೇ ಹೇಳುವುದು, ವರದಿಯಿಂದ ಐದು ಅನುಪಾತ ತೆಗೆ, ತೂಕ ಕೊಟ್ಟು ಕೂಡಿಸು, ಮೂರು ದಾಟಿದರೆ ಬದುಕು, ಎರಡರ ಕೆಳಗೆ ಸಾವು, ಎಷ್ಟು ಸರಳ, ಕಳೆದ ಬೇಸಿಗೆಯಲ್ಲಿ ಸೌನಾ ಹಬೆಮನೆಯಲ್ಲಿ ಕೂತು ಮಾವ ಕೇಳಿದ್ದ, ನಮ್ದು ಎಷ್ಟು ಬಂತೇ ಪುಟ್ಟಿ, ಮೂರು ದಾಟಿದೆ ಮಾವ, ಭದ್ರವಾಗಿದೆ, ಮರುದಿನವೇ ಪಾಳಿಯಿಂದ ಪಾಳಿಗೆ ಆ ಮಾತು ಹಬ್ಬಿತ್ತು — ನಿನ್ನೆ ರೈಲಿನಲ್ಲಿ ಲೆಕ್ಕ ಬಿಡಿಸಿ ನೋಡಿದಳು, ಕೈಯಲ್ಲಿರುವ ಬಂಡವಾಳ, ಉಳಿಸಿದ ಲಾಭ, ಗಳಿಕೆ, ಮಾರಾಟ, ನಾಲ್ಕೂ ಕುಸಿಯುತ್ತಿವೆ, ಷೇರಿನ ಪೇಟೆಬೆಲೆಯನ್ನು ಸಾಲದಿಂದ ಭಾಗಿಸಿದ ಆ ಒಂದೇ ಅನುಪಾತ ಇಡೀ ಮೊತ್ತವನ್ನು ಎತ್ತಿ ಹಿಡಿದಿದೆ, ಬೆಲೆ ಯಾಕೆ ಇಳಿಯಲಿಲ್ಲ, ಹೊರಗಿನವರು ಮಾರಿದಾಗಲೆಲ್ಲ ಕೊಂಡವರು ಯಾರು, ಇವರೇ, ಕೂಸಿನ ನಾಮಕರಣಕ್ಕೆ ಬೆಳ್ಳಿ ಚಮಚದ ಬದಲು ಕಂಪನಿಯ ಷೇರು ಕೊಡುವ ಈ ಊರು, ಅವಳ ಮಾತು ನಂಬಿ ಕೊಂಡರು, ಕೊಂಡದ್ದಕ್ಕೆ ಬೆಲೆ ನಿಂತಿತು, ಬೆಲೆ ನಿಂತದ್ದಕ್ಕೆ ಅವಳ ಲೆಕ್ಕ ಮತ್ತೆ ಭದ್ರ ಅಂದಿತು, ಜ್ವರದವನ ಹಣೆಗೆ ತಣ್ಣೀರು ಬಟ್ಟೆ ಹಾಕಿ, ಅದೇ ಹಣೆ ಮುಟ್ಟಿ ಜ್ವರವಿಲ್ಲ ಅಂದ ಹಾಗೆ — ವೇದಿಕೆಯ ಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುತ್ತಾರೆ, ಹೊಸ ಷೇರು ಹೊರಡಿಸ್ತಾ ಇದ್ದೀವಿ, ಮೊದಲ ಹಕ್ಕು ನಮ್ಮ ಕೆಲಸಗಾರರಿಗೇ, ಮಾವ ಕಿವಿಯ ಹತ್ತಿರ ಬಾಗುತ್ತಾನೆ, ಕೆರೆ ದಂಡೆಯ ಗುಡಿಸಲು ಮಾರಿಬಿಟ್ಟೆ ಕಣೇ, ಎಲ್ಲಾ ಇದಕ್ಕೇ ಹಾಕ್ತೀನಿ — ಎದ್ದು ನಿಲ್ಲು, ಹೇಳು, ಹೇಳಿದರೆ ಬೆಲೆ ಇಂದೇ ಬೀಳುತ್ತದೆ, ಕಂಪನಿ ಇಂದೇ ಸಾಯುತ್ತದೆ, ಹೇಳದಿದ್ದರೆ ಇವರ ಉಳಿತಾಯವನ್ನೂ ನುಂಗಿ ನಾಳೆ ಸಾಯುತ್ತದೆ, ಮಾವನ ತೋಳು ಹಿಡಿಯುತ್ತಾಳೆ, ಮಾವ ಬೇಡ, ಯಾಕೇ ಹೆದರ್ತೀ, ಭದ್ರ ಅಂದೋಳು ನೀನೇ ಅಲ್ವೇನೇ, ವೇದಿಕೆಯಿಂದ ಅಧ್ಯಕ್ಷರ ದನಿ, ಒಪ್ಪಿಗೆ ಇರೋರು ಕೈ ಎತ್ತಿ, ಮಾವನ ಕೈ ಏಳುತ್ತಿದೆ, ಕುಲುಮೆಯಲ್ಲಿ ಬೆಂದು ನುಣುಪಾದ ಅಂಗೈ, ಒಂದು ರೇಖೆಯೂ ಉಳಿಯದ ಅಂಗೈ, ಅದರ ಹಿಂದೆ ಸಭಾಂಗಣದ ತುಂಬ ಕೈಗಳು, ಅವಳಿಗೆ ಕಾಣುವುದು ಅದೊಂದೇ, ಬೆಳಕಿಗೆ ಹೊಳೆಯುತ್ತ, ರೇಖೆಯಿಲ್ಲದ ಅಂಗೈ, ಆ ಅಂಗೈ